ಬಿಡದೆ ಹಿಡಿದ ಉಸಿರು

ವಯಸ್ಸು ಐವತ್ನಾಲ್ಕು, ಹಳೆ ಕಾಗದದ ವ್ಯಾಪಾರಿ, ಪೇಟೆಯಲ್ಲಿ ‘ಮಾತಿನಮಲ್ಲ’ ಎಂದರೆ ಯಾರು ಬೇಕಾದರೂ ತೋರಿಸುವ ನಾನು, ವಾಸ ಗೋದಾಮಿನ ಮೇಲಿನ ಮನೆ, ಸದ್ಯ ಆಸ್ಪತ್ರೆಯ ಕಿಟಕಿ ಪಕ್ಕದ ಮಂಚ, ಠಾಣೆಯ ಸಾಹೇಬರಿಗೆ ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ನನಗೂ ನನ್ನ ತಮ್ಮನಿಗೂ ಜಗಳವಾದದ್ದು ನಿಜ. ಕಾಗದ ಒತ್ತಿ ಕಟ್ಟಿದ ಬೇಲುಗಳನ್ನು ಗೋದಾಮಿನ ಗೋಡೆಗೆ ಇಷ್ಟು ಹತ್ತಿರ ಒಟ್ಟಬೇಡ ಎಂದು ಅವನು, ಜಾಗ ನಿನ್ನಪ್ಪನದಲ್ಲ ಎಂದು ನಾನು. ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಆಗ ನೆನಪಾಗಲಿಲ್ಲ.

ಹತ್ತೂವರೆಗೆ ನಾನು ಗೋಡೆಗೆ ಬೆನ್ನು ಹಾಕಿ, ಗೋಡೆಗೂ ಬೇಲುಗಳಿಗೂ ನಡುವಿನ ಸಂದಿಯಲ್ಲಿ ನಿಂತಿದ್ದಾಗ, ಯಂತ್ರದಲ್ಲಿ ಒತ್ತಿ ತಂತಿ ಬಿಗಿದ ಬೇಲೊಂದು ಮೇಲಿನಿಂದ ಜಾರಿ, ನನ್ನ ಎದೆಯನ್ನು ಗೋಡೆಗೆ ಒತ್ತಿ, ಕಂಬಕ್ಕೆ ಸಿಕ್ಕಿ ನಿಂತಿತು. ಮೂಗು ಬಾಯಿ ಹೊರಗಿದ್ದವು, ಗಾಳಿಗೆ ಬರವಿರಲಿಲ್ಲ. ಪಕ್ಕೆಲುಬು ಅರಳಲು ಮಾತ್ರ ಜಾಗವಿರಲಿಲ್ಲ. ನಾನು ಹಮಾಲಿ ಮಾಡಿ ಮೇಲೆ ಬಂದವನು. ಭಾರ ಬಿದ್ದರೆ ದಮ್ಮು ಕಟ್ಟು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಬೇಲು ಜಾರುವಾಗಲೇ ಎದೆ ತುಂಬ ಉಸಿರೆಳೆದು ಕಟ್ಟಿದ್ದೆ. ಒಳಗೆ ಹೃದಯ, ಬೀಗ ಹಾಕಿದ ಅಂಗಡಿಯ ಬಾಗಿಲು ಬಡಿದಂತೆ ಬಡಿಯುತ್ತಿತ್ತು.

ತಮ್ಮ ಓಡಿಬಂದು ತಳ್ಳಿದ. ಬೇಲು ಅಲುಗಲಿಲ್ಲ. ತಂತಿ ಕತ್ತರಿಸಿದರೆ ಒತ್ತಿದ ಕಾಗದ ಉಬ್ಬಿ ನನ್ನನ್ನೇ ಅರೆಯುತ್ತದೆಂದು ಅವನಿಗೂ ಗೊತ್ತು. ಪಕ್ಕದಿಂದ ನನ್ನ ತೋಳು ಹಿಡಿದು, “ಅಣ್ಣಾ, ಉಸಿರು ಬಿಡು. ಸಣ್ಣಗಾಗ್ತೀಯ, ಎಳ್ಕೋತೀನಿ” ಎಂದ. ನಾನು ಒಲ್ಲೆನೆಂದು ತಲೆಯಾಡಿಸಿದೆ. ಬಿಟ್ಟದ್ದು ಮತ್ತೆ ಕೈಗೆ ಬರುತ್ತದೆಂದು ನಾನು ಯಾವತ್ತೂ ನಂಬಿದವನಲ್ಲ. ನಾನು ಅಣ್ಣನೆಂಬುದನ್ನೂ ಮರೆತು ಅವನು, “ಜಿಪುಣಾ, ಇದನ್ನಾದ್ರೂ ಬಿಡೋ!” ಎಂದು ಕೂಗಿ, ಬೇಲಿನ ಕೆಳಗೆ ಬಿಡುವಿದ್ದ ಕಡೆ ಹೊಟ್ಟೆಗೆ ಗುದ್ದಿದ. ಉಸಿರು ಹೋಯಿತು, ಎದೆ ಕುಗ್ಗಿತು, ಅವನು ಎಳೆದ. ಬರುವಾಗ ಎರಡು ಪಕ್ಕೆಲುಬು ಲಟಕ್ಕೆಂದವು.

ಬಾಗಿಲಲ್ಲಿದ್ದ ನನ್ನ ಹೆಂಡತಿಗೆ ಕಂಡದ್ದು ಗುದ್ದು ಮಾತ್ರ. ಬೆಳಗಿನ ಜಗಳಕ್ಕೆ ಅದನ್ನು ಕೂಡಿಸಿ ಮೈದುನನ ಮೇಲೆ ಕೊಲೆಯತ್ನವೆಂದು ದೂರು ಕೊಟ್ಟಿದ್ದಾಳೆ. ಕೂಡಿಸಿದ್ದು ತಪ್ಪು.

ಮುರಿದ ಮೂಳೆ ಶ್ವಾಸಕೋಶವನ್ನು ಚುಚ್ಚಿದೆ, ಗಾಳಿ ಹೊರಗೆ ಸೋರಿ ಎದೆಗೂಡಿನಲ್ಲಿ ತುಂಬಿ ಅದನ್ನು ಮುದುಡಿಸಿದೆ ಎಂದು ಡಾಕ್ಟರಮ್ಮ ಹೇಳಿದರು. ಪಕ್ಕೆಗೆ ಇಟ್ಟ ನಳಿಕೆಯಿಂದ ಆ ಗಾಳಿ ಮಂಚದ ಕೆಳಗಿನ ಬಾಟಲಿಯ ನೀರಿನಲ್ಲಿ ಗುಳುಗುಳು ಎನ್ನುತ್ತಿದೆ. ಇನ್ನು ಸ್ವಲ್ಪ ಹೊತ್ತು ಅಲ್ಲೇ ಸಿಕ್ಕಿಕೊಂಡಿದ್ದರೆ ನಳಿಕೆ ಹಾಕಲು ಆಳೇ ಇರುತ್ತಿರಲಿಲ್ಲ ಎಂದೂ ಹೇಳಿದರು.

ಈಗ ನನ್ನ ತಮ್ಮ ನಿಮ್ಮ ಠಾಣೆಯ ಗೋಡೆಗಳ ನಡುವೆ ಇದ್ದಾನೆ. ಹಿಡಿದದ್ದನ್ನು ಬಿಡುವುದು ಎಷ್ಟು ಕಷ್ಟವೆಂದು ನನಗಿಂತ ಬಲ್ಲವರಿಲ್ಲ. ಆದರೂ ಅವನನ್ನು ಬಿಡಿ, ಸಾಹೇಬರೇ.

ನಾಲ್ಕು ಮಾತಿಗೊಮ್ಮೆ ನಿಂತು ಏದುಸಿರಿನಲ್ಲಿ ಹೇಳಿದ್ದಿದು. ಓದಿಸಿ ಕೇಳಿದ್ದೇನೆ, ನಡೆದದ್ದಕ್ಕೆ ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ.

ಸ್ಥಳ: ಆಸ್ಪತ್ರೆ, ಎರಡನೇ ಮಹಡಿ
ದಿನಾಂಕ: ಘಟನೆಯ ಮರುದಿನ
ಸಹಿ: ಬಲಗೈ ಎತ್ತಲಾಗದ್ದರಿಂದ ಎಡಗೈ ಹೆಬ್ಬೆಟ್ಟು