ಪಾಚಿಗೆ ಕೈ ಹಾಕಬೇಡ

...ಬೇಡ, ಬೇಡ, ಗೂಡಿನ ಮೇಲಿನ ಬಟ್ಟೆ ಪೂರ್ತಿ ಎತ್ತಬೇಡ! ಒಂದು ಮೂಲೆ ಸರಿಸು ಸಾಕು. ಹಾಂ, ಅಷ್ಟೇ. ಥಟ್ಟನೆ ಬೆಳಕು ಬಿದ್ರೆ ಹೆದರಿ, ಜಾಲರಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡ್ಕೋತಾವೆ. ಯಾಕೋ ನಗ್ತೀಯ ರೋಲ್ಫಿ? ನಿನಗೆ ಗೊತ್ತಿಲ್ಲದ್ದಾ... ಗೊತ್ತು ಕಣಪ್ಪ. ಇವನ್ನ ಈ ಮನೆಗೆ ತಂದವರೇ ನೀನೂ ನನ್ನ ಮಗಳೂ. ಆದ್ರೆ ಈಗ ಸಾಕ್ತಿರೋಳು ನಾನು ತಾನೇ!

ಕೂತ್ಕೋ. ಬಾಳೆಹಣ್ಣು ಕರಿದಿದೀನಿ. ಮೀನಿನ ಖಾರ ಹಚ್ಕೊಂಡು ತಿನ್ನು. ಅತ್ತೆ ಆಗೋಳ ಮನೇಲಿ ಎಂಥ ಸಂಕೋಚ? ...ಬೇಡ್ವಾ? ಸರಿ ಬಿಡು.

ಅಲ್ಲ, ನೆನಪಿದೆಯಾ ಆ ದಿನ? ನಾನು ಸಾರಿಗೆ ಮೆಣಸಿನಕಾಯಿ ಅರೆದು, ಒಲೆ ಮೇಲೆ ಪಾತ್ರೆ ಇಟ್ಟು ಕಾಯ್ತಿದ್ದೆ. 'ಸಂತೆಯಿಂದ ಒಂದು ಹಾವು ತಗೊಂಬಾ ಫೆಮ್ಮಿ' ಅಂತ ಕಳಿಸಿದ್ರೆ, ನೀವಿಬ್ರೂ ತೊಮೊಹೋನ್ ಸಂತೆಯ ಮಾಂಸದಂಗಡಿಯಿಂದ ಎರಡು ಹಾವನ್ನ ಜೀವಂತ ತಂದ್ರಿ! ಗಂಡೊಂದು, ಹೆಣ್ಣೊಂದು. 'ಅಮ್ಮಾ, ಇವು ಮರ ಹತ್ತೋ ಕೇರೆ, ವಿಷ ಇಲ್ಲ, ಬಲು ನಾಜೂಕು' ಅಂದಳು. ನಾಜೂಕಂತೆ! ಅರೆದ ಖಾರ ಹಾಗೇ ಉಳೀತು. ಅವತ್ತು ರಾತ್ರಿ ಬರೀ ಗಂಜಿ ಕುಡಿದ್ವಿ.

ನಾಜೂಕೇ ಕಣೋ. ಈಗ ನನಗೂ ಗೊತ್ತು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಎಲೆಗಳ ಮೇಲೆ ನೀರು ಚಿಮುಕಿಸಬೇಕು. ಬಟ್ಟಲಲ್ಲಿಟ್ರೆ ಕುಡಿಯಲ್ಲ ಮಹಾರಾಯರು, ಎಲೆಯಿಂದ ತೊಟ್ಟಿಕ್ಕಿದ್ದೇ ಆಗಬೇಕು. ಸೆಕೆ ಆಗಲ್ಲ. ಕೊಂಬೆಯ ಜಾಗ ಬದಲಾದ್ರೆ ಉಪವಾಸ. ಮುಟ್ಟಿದ್ರಂತೂ ಕತ್ತು ಉಬ್ಬಿಸ್ಕೊಂಡು ಎಸ್ ಅಕ್ಷರದ ಹಾಗೆ ನಿಂತುಬಿಡ್ತಾವೆ. ಅದಕ್ಕೇ ಈ ಮನೇಲಿ ಯಾರೂ ಒಳಗೆ ಕೈ ಹಾಕಲ್ಲ. ನಮ್ಮ ಯಜಮಾನರಂತೂ ಈ ಕೋಣೆಗೇ ಬರಲ್ಲ. ನಾನೊಬ್ಬಳೇ.

ಏನು? ಗಂಡು ಹಾವಾ? ನೋಡು, ನೋಡು... ಗೇಟಿನ ಕಡೆಗೇ ತಲೆ ಮಾಡಿದೆ. ಸಂಜೆ ಆದ್ರೆ ಹಾಗೇನೇ. ಫೆಮ್ಮಿ ಶಾಲೇಲಿ ಪಾಠ ಹೇಳಿ ಬರೋ ಹೊತ್ತು. ಹಾವಿಗೆ ಕಿವಿ ಇಲ್ಲ ಅಂತ ಅವಳೇ ಹೇಳ್ತಿದ್ದಳು. ಮತ್ತೆ ಗೇಟಿನ ಚಿಲಕ ಅಲ್ಲಾಡಿದಾಗ ಈ ಹೆಣ್ಣು ಕೊಂಬೆಯಿಂದ ಇಳಿದು ಬರುತ್ತಲ್ಲ, ಅದು ಹೇಗೆ? ಗೇಟಲ್ಲಿ ಯಾರೂ ಇರಲ್ಲ ರೋಲ್ಫಿ. ನಾನು ಹೋಗಿ ನೋಡ್ತೀನಿ, ಬರೀ ಮಂಜು. ಒಂದೊಂದು ಬೆಳಿಗ್ಗೆ ನಾನು ಬರೋಷ್ಟರಲ್ಲೇ ಎಲೆಗಳು ಒದ್ದೆ ಇರ್ತಾವೆ, ಯಾರೋ ನೀರು ಚಿಮುಕಿಸಿದ ಹಾಗೆ...

ಹುಚ್ಚಿ ಅಂತ ನೋಡ್ತೀಯ? ನೀನು ಪ್ರತಿ ಶನಿವಾರ ಮನಾಡೊ ಬಂದರಿಗೆ ಹೋಗಿ, ಸಿಯಾವ್ ದ್ವೀಪದಿಂದ ಬಂದ ದೋಣಿಯೋರನ್ನೆಲ್ಲ ಕೇಳ್ತೀಯಂತೆ. ನಾನು ನಿನ್ನ ಹುಚ್ಚ ಅಂದ್ನಾ? ಫೆಮ್ಮಿ ಅಲ್ಲಿಗೆ ಗೆಳತಿ ಮದುವೆಗೆ ಹೋದವಳು. ವಾಪಸ್ ಬರೋ ದೋಣಿ ಮುಳುಗ್ತು. ಅರ್ಧ ಜನ ಸಿಕ್ಕಿದ್ರು, ಅರ್ಧ ಜನ ಸಿಗಲಿಲ್ಲ. ಸಿಗದೋರು ಎಲ್ಲೋ ದಡ ಸೇರಿರಬಹುದಲ್ಲ? ಅವರಪ್ಪ ಇವತ್ತಿಗೂ ಊಟಕ್ಕೆ ಅವಳ ತಟ್ಟೆ ಇಡ್ತಾರೆ. ಪಾದ್ರಿಗಳು ಬಂದು 'ಅವಳ ಆತ್ಮಕ್ಕೆ ಶಾಂತಿ ಪ್ರಾರ್ಥನೆ ಮಾಡಿಬಿಡೋಣ' ಅಂದಾಗ ತಟ್ಟೆ ಎತ್ಕೊಂಡು ಒಳಗೆ ಹೋದ್ರು. ಅಂಥ ಮನುಷ್ಯನಿಗೆ ಏನು ಹೇಳ್ಲಿ ನಾನು? ...ಏನಿಲ್ಲ. ಸುಮ್ನೆ ಅಂದೆ.

ಆ ಚೀಲದಲ್ಲೇನು? ...ಪಾಚಿಯಾ? ಬೆಟ್ಟದಿಂದ ತಂದ್ಯಾ? ಯಾಕೆ?

ಓ! ಹೆಣ್ಣು ಬಸುರಿ ಅಂತ ನಮ್ಮೋರು ಹೇಳಿದ್ರಾ. ಅವರ ಬಾಯಲ್ಲಿ ಒಂದು ಮಾತು ನಿಲ್ಲಲ್ಲ ನೋಡು! ಹೌದು, ಹೊಟ್ಟೆ ತುಂಬ್ಕೊಂಡಿದೆ. ಮೊಟ್ಟೆ ಇಡಲಿ ಬಿಡು, ಡಬ್ಬಿ ಇದೆಯಲ್ಲ, ಪಾಚಿ ತುಂಬಿದ್ದು. ಅದರಲ್ಲೇ ಇಡುತ್ತೆ.

ಹಳೇದಾದ್ರೆ ಏನಾಯ್ತು? ಹುಳಿ ವಾಸನೆ ಏನೂ ಬರ್ತಿಲ್ಲ, ನಿನ್ನ ಮೂಗಿಗೇ ಏನೋ ಆಗಿದೆ. ...ಗೊತ್ತು, ಗೊತ್ತು. ಪಾಚಿ ಕೊಳೆತಿದ್ರೆ ಒಳಗೆ ಹೋಗಲ್ಲ, ಮೊಟ್ಟೆ ಹೊಟ್ಟೇಲೇ ಕಟ್ಕೊಂಡು ತಾಯಿನೂ ಸಾಯುತ್ತೆ. ಅದಕ್ಕೇ ನಾಳೆ ನಾನೇ ಬದಲಾಯಿಸ್ತೀನಿ ಅಂದ್ನಲ್ಲ! ಚೀಲ ಇಟ್ಟು ಹೋಗು.

ಬೇಡ ಕಣೋ. ಈಗ ತೆಗೀಬೇಡ. ಹೆದರುತ್ತೆ, ಕಚ್ಚುತ್ತೆ... ನಿನಗೆ ಕಚ್ಚಿದ್ದು ಅದೆಷ್ಟೋ ಸಲ, ಗೊತ್ತು! ಆದ್ರೂ ಬೇಡ. ಮೂರು ದಿನದಿಂದ ಡಬ್ಬಿ ಸುತ್ತ ಸುತ್ತುತ್ತಿದೆ, ಒಳಗೆ ಹೋಗ್ತಿಲ್ಲ, ನನಗೂ ಕಣ್ಣಿದೆ! ನಾಳೆ, ನಾಳೆ ಮಾಡ್ತೀನಿ. ರೋಲ್ಫಿ. ನನ್ನ ಮಾತು ಕೇಳು. ಪಾಚಿಗೆ ಕೈ ಹಾಕಬೇಡ. ಹಾಕಬೇಡ ಅಂದ್ನಲ್ಲಪ್ಪಾ...

...

ಏನು ಸಿಕ್ತು?

...ಹಳೇ ಬಟ್ಟೆ ಚೂರು ಅದು. ಬಿಚ್ಚಬೇಡ. ಕೊಡಿಲ್ಲಿ.

ರೋಲ್ಫಿ, ಮಗಾ...

ಹೌದು. ಉಂಗುರ. ನೀನು ತೊಡಿಸಿದ್ದೇ. ಒಳಗಡೆ ಇಬ್ಬರ ಹೆಸರೂ ಇದೆ, ಓದಬೇಡ, ನೂರು ಸಲ ಓದಿದೀನಿ ನಾನು.

ಲವಂಗದ ಕೊಯ್ಲಿಗೆ ಮೊದಲೇ ಬಂತು. ಮೀನು ಮಾರೋ ಒಬ್ಬ ಮುದುಕ ಉಂಗುರದ ಹೆಸರು ಹಿಡ್ಕೊಂಡು, ನಮ್ಮ ಮನೆ ಕೇಳ್ಕೊಂಡು ಕೇಳ್ಕೊಂಡು ಬಂದ. ಸಿಯಾವ್‌ನ ಆಚೆ ಒಂದು ಪುಟ್ಟ ದ್ವೀಪ, ಅಲ್ಲಿ ದಡಕ್ಕೆ... ಆ ದ್ವೀಪದೋರು ಒಳ್ಳೆಯವರು ಕಣೋ. ಬಿಳಿ ಬಟ್ಟೆ ಸುತ್ತಿ, ಪ್ರಾರ್ಥನೆ ಹೇಳಿ, ತಮ್ಮ ಮಕ್ಕಳ ಸಮಾಧಿ ಪಕ್ಕದಲ್ಲೇ ಮಲಗಿಸಿದಾರಂತೆ. ತೆಂಗಿನ ಮರದ ನೆರಳಿದೆಯಂತೆ. ಮುದುಕ ಬಂದಾಗ ನಮ್ಮೋರು ಹಿತ್ತಲಲ್ಲಿದ್ರು. ಕರೀಬೇಕು ಅಂತ ಬಾಯಿ ತೆರೆದೆ. ಒಳಗೆ ಆ ತಟ್ಟೆ ಕಾಣಿಸ್ತು. ಬಾಯಿ ಮುಚ್ಕೊಂಡೆ. ಯಾರೂ ಕೈ ಹಾಕದ ಜಾಗ ಈ ಮನೇಲಿ ಇದೊಂದೇ ಇತ್ತು.

ಬೈಯೋ. ಏನಾದ್ರೂ ಅನ್ನು. ಶನಿವಾರ ಶನಿವಾರ ನಿನ್ನ ಬಂದರಿಗೆ ಓಡಾಡೋಕೆ ಬಿಟ್ಟೋಳು ನಾನು, ನನ್ನ ಬೈ! ...ಹಾಗೆ ನೋಡಬೇಡಪ್ಪ. ನೀನು ಅತ್ತುಬಿಟ್ರೆ ತಡ್ಕೋತೀನಿ, ಹೀಗೆ ಸುಮ್ನೆ ನಿಂತ್ರೆ ಆಗಲ್ಲ ನನ್ನ ಕೈಲಿ.

ಸತ್ತಿದಾಳೆ ಕಣೋ. ಫೆಮ್ಮಿ ಸತ್ತಿದಾಳೆ.

ಅಯ್ಯೋ... ಅಂದುಬಿಟ್ಟೆನಲ್ಲ. ನನ್ನ ಬಾಯಿಂದಲೇ ಬಂತಲ್ಲ.

...ಉಂಗುರ ನಿನ್ನ ಹತ್ರಾನೇ ಇರ್ಲಿ. ಹೊಸ ಪಾಚಿ ತುಂಬಿಬಿಡು, ಪಾಪ, ಆ ಹೆಣ್ಣು ಕಾಯ್ತಿದೆ. ನಾನು ಹೋಗಿ ನಮ್ಮೋರನ್ನ ಕರೀತೀನಿ.

ಇಲ್ಲ... ನೀನೂ ಬಾ. ನನ್ನ ಕೈ ಹಿಡ್ಕೋ.