ಕೆಳಗಿನ ಸರಳು

ಅಯ್ಯೋ, ಅದೇ ಹತ್ತಿ ಬೇಡ ರೀ! ಒಂದು ಸರಳಿಗೆ ಒರೆಸಿದ್ದನ್ನ ಇನ್ನೊಂದಕ್ಕೆ ಮುಟ್ಟಿಸಬಾರದು ಅಂತ ಎಷ್ಟು ಸಲ ಹೇಳ್ಲಿ? ಬಿಸಾಕಿ ಅದನ್ನ. ಹೊಸದು ತಗೊಳ್ಳಿ... ಹಾಂ, ಹಾಗೆ. ಚರ್ಮದ ಹತ್ರ, ಸುತ್ತಲೂ. ಯಾಕ್ರೀ ನಗ್ತೀರಾ? ಮನೇಲೂ ಸಿಸ್ಟರ್‌ಗಿರಿ ಬಿಡಲ್ಲ ಅಂತಾನಾ? ನಗಿ, ನಗಿ. ಮೂಳೆ ವಾರ್ಡಲ್ಲೇ ತಲೆ ನರೆಸಿಕೊಂಡವಳು ನಾನು. ಸ್ಕೂಟರಿಂದ ಬಿದ್ದು, ಮೊಣಕಾಲ ಕೆಳಗೆ ಮೂಳೆ ಮುರಿದು, ಈ ಲೋಹದ ಪಂಜರ ನನ್ನ ಕಾಲಿಗೇ ಅಮರಿಕೊಳ್ಳುತ್ತೆ ಅಂತ ಯಾರು ಕಂಡಿದ್ರು?

ನೋಡಿ, ಈ ಸರಳು ಚರ್ಮ ತೂರಿ ನೇರ ಮೂಳೆಗೇ ಹೋಗಿದೆ. ಸೋಂಕಿಗೆ ಬಾಗಿಲು ತೆರೆದಿಟ್ಟ ಹಾಗೆ. ನೀರು ನೀರಾಗಿ ಸ್ವಲ್ಪ ಜಿನುಗಿದ್ರೆ ಚಿಂತೆ ಇಲ್ಲ. ಕೆಂಪಾಗಿ, ಊದಿಕೊಂಡು... ಬಿಡಿ, ಅದೆಲ್ಲ ಈಗ್ಯಾಕೆ.

ಸಾಕು. ಕೆಳಗಿನದ್ದು ಬೇಡ. ಅದನ್ನ ನಾನೇ ಮಾಡ್ಕೋತೀನಿ. ದಿನಾ ನಾನೇ ತಾನೆ ಮಾಡ್ಕೊಳ್ಳೋದು? ಕೈ ಎಟುಕುತ್ತೆ ರೀ! ಯಾಕೆ ಹಾಗೆ ನೋಡ್ತೀರಾ? ಎಟುಕುತ್ತೆ ಅಂದ್ನಲ್ಲ!

ಒಲೆ ಮೇಲೆ ಏನಾದ್ರೂ ಇಟ್ಟಿದ್ರಾ? ಹೋಗಿ ನೋಡಿ, ಸೀದು ಹೋದೀತು... ಇಲ್ವಾ? ಮತ್ತೇನು ಮೂಸ್ತಿದ್ದೀರಾ?

ಹಣೆ ಮುಟ್ಟಬೇಡಿ! ಸೆಕೆಗೆ ಮೈ ಬಿಸಿಯಾಗಿದೆ, ಅಷ್ಟೆ. ಕಂಬಳಿನಾ? ಕಂಬಳಿ... ಸುಮ್ನೆ ಹೊದ್ಕೊಂಡೆ.

ಬೇಡ... ರೀ, ಆ ಪಟ್ಟಿ ಬಿಚ್ಚಬೇಡಿ. ನನ್ನಾಣೆ!

ಬಿಚ್ಚೇಬಿಟ್ರಲ್ಲ.

ಬೈಯಿರಿ, ಪರವಾಗಿಲ್ಲ. ಟಾರ್ಚ್ ಹಿಡಿದು ಇನ್ನೇನು ನೋಡ್ತೀರಾ?

ಹೌದು. ಕೀವು. ಭಾನುವಾರದಿಂದ. ಜ್ವರಕ್ಕೆ ಗುಳಿಗೆ ನುಂಗಿ ನುಂಗಿ ನಿಮ್ಮ ಮುಂದೆ ನಗ್ತಾ ಕೂತಿದ್ದೆ. ಸರಳು ಸಡಿಲ ಆಗಿದೆ, ತಾಕಿದ್ರೆ ಜೀವ ಬಾಯಿಗೆ ಬರುತ್ತೆ. ಗೊತ್ತಿಲ್ದೆ ಅಲ್ಲ ರೀ, ಗೊತ್ತಿದ್ದೇ ಮುಚ್ಚಿಟ್ಟೆ! ಕೀವು ಮೂಳೆಗಿಳಿದು ಕಾಲೇ ಕಳ್ಕೊಂಡವರನ್ನ ಇದೇ ಕೈಯಲ್ಲಿ ಆಪರೇಷನ್ನಿಗೆ ತಳ್ಕೊಂಡು ಹೋಗಿದ್ದೀನಿ. ಅವರಿಗೆಲ್ಲ ಎಷ್ಟು ಚೆನ್ನಾಗಿ ಧೈರ್ಯ ಹೇಳ್ತಿದ್ದೆ... ನನಗೆ ನಾನು ಹೇಳ್ಕೊಳ್ಳೋಕೆ ಒಂದು ಮಾತೂ ಹುಟ್ಲಿಲ್ಲ. ಬಾಯಿ ಬಿಡೋವರೆಗೂ ಕಾಲು ನನ್ನದೇ ಅನ್ನಿಸ್ತಿತ್ತು... ಹುಚ್ಚಿ ನಾನು, ಹುಚ್ಚಿ.

ಫೋನ್ ಯಾರಿಗೆ? ವಾರ್ಡಿಗಾ?

...ಇಲ್ಲಿ ಕೊಡಿ. ನಾನೇ ಹೇಳ್ತೀನಿ. ನೀವು ಪಕ್ಕದಲ್ಲೇ ಇರಿ, ಎಲ್ಲೂ ಹೋಗಬೇಡಿ.

ಹಲೋ... ಡಾಕ್ಟ್ರೇ, ನಾನು. ಇಲ್ಲ ಇಲ್ಲ, ಡ್ಯೂಟಿ ವಿಷಯ ಅಲ್ಲ. ಪೇಷಂಟ್ ಮಾತಾಡ್ತಿದ್ದೀನಿ.