ಒಂದು ‘ರೀ’ಗೆ ಮೂರು ಮೈಕು

ಅಯ್ಯೋ, ಅದನ್ನ ಮುಟ್ಬೇಡ ಮಾರಾಯ್ತಿ! ಬೆರಳು ತಾಗಿದ್ರೆ ಸಾಕು, ಹೆಡ್‌ಫೋನಲ್ಲಿ ಗುಡುಗು ಹೊಡೆದಂಗಾಗುತ್ತೆ... ಕೂತ್ಕೋ. ಆ ಸ್ಟೂಲ್ ಬೇಡ, ಕುರ್ಚಿ ತಗೋ. ಇವತ್ತು ನಿಂತ್ಕೊಂಡು ಹಾಡೋದೇನಿಲ್ಲ. ಹಾಡೇ ಇಲ್ಲ ಇವತ್ತು!

ಏನ್ ಹಂಗೆ ನೋಡ್ತೀಯ? ಹಾಡಿಲ್ಲ ಅಂದ್ಮೇಲೆ ಸ್ಟುಡಿಯೋಗೆ ಯಾಕೆ ಕರ್ಕೊಂಡ್ ಬಂದ್ರಿ ಅಂತಾನಾ? ಮೈಕ್ ಆರಿಸೋಕೆ! ಇಲ್ನೋಡು, ಮೂರು ಮೈಕ್ ಇಟ್ಟಿದ್ದೀನಿ. ಯಾವುದು ನಿನ್ನ ಗಂಟಲಿಗೆ ಒಪ್ಪುತ್ತೆ ಅಂತ ಇವತ್ತೇ ಗೊತ್ತಾಗ್ಬಿಟ್ರೆ, ಆಪರೇಷನ್ ಮುಗಿಸ್ಕೊಂಡು ಬಂದ್ಮೇಲೆ ತಡ ಮಾಡೋದೇ ಬೇಡ. ಹೊಳೆಹೊನ್ನೂರಿನ ಸಿದ್ದಯ್ಯನೋರ ಭಜನೆ ಕ್ಯಾಸೆಟ್ಟು... ಕ್ಯಾಸೆಟ್ ಅಂತಾನೇ ಬಾಯಿಗೆ ಬರುತ್ತೆ ನೋಡು, ಹಳೇ ಚಟ... ಆ ಭಜನೆ ಆಲ್ಬಂ ಬಾಕಿ ಇದೆಯಲ್ಲ, ನೇರ ಅದಕ್ಕೇ ಕೂತ್ಬಿಡೋದು.

ಯಾಕ್ ನಗ್ತೀಯ? ನಗಬೇಡ, ಗಂಟಲು ನೋಯುತ್ತೆ. ಬ್ಯಾಗ್ ತುಂಬೋದು ಬಿಟ್ಟು ಮೈಕ್ ಅಂತೆ ಮೈಕು ಅಂತಾನಾ? ಬ್ಯಾಗ್ ಅನುಷಾ ತುಂಬ್ತಾಳೆ ಬಿಡು. ಸಂಜೆ ಬಸ್ಸಿಗೆ ಶಂಕರಘಟ್ಟದಿಂದ ಬರ್ತಾಳೆ ಮಗಳು, ಹಾಸ್ಟೆಲಲ್ಲಿ ರಜೆ ಹೇಳಿ ಆಗಿದೆ. ನಾಳೆ ಬೆಳಿಗ್ಗೆ ಕಾರ್ ಹತ್ತಿದ್ರೆ ಮಧ್ಯಾಹ್ನ ಮಂಗ್ಳೂರು. ಸಣ್ಣ ಗಂಟು ತೆಗೆಯೋ ಆಪರೇಷನ್ನು. ಆಮೇಲೆ ಒಂದು ತಿಂಗಳು ಮಾತಾಡ್ದೆ ಇದ್ರೆ ಆಯ್ತು. ಜಯಶೀಲಮ್ಮನೋರು ತಿಂಗಳಿಡೀ ಮಾತಾಡಲ್ಲ ಅಂದ್ರೆ ನಂಗೆ ಲಾಭ ತಾನೇ! ...ಆಯ್ತಮ್ಮ, ಆಯ್ತು, ತಮಾಷೆ ಮಾಡ್ದೆ.

ಭಾನುವಾರ ಅಂತ ಕೆಳಗಿನ ಟೈರ್ ಅಂಗಡಿ ಬಾಗಿಲು ಹಾಕಿದೆ. ನಮ್ಮ ಓಲ್ಡ್ ಟೌನಲ್ಲಿ ಇಷ್ಟು ನಿಶ್ಶಬ್ದ ಮತ್ತೆ ಯಾವಾಗ ಸಿಗುತ್ತೋ. ಕಿಟಕಿಗೂ ರಗ್ಗು ಹೊದಿಸಿದ್ದೀನಿ, ಸೆಕೆ ಆದ್ರೂ ತಡ್ಕೋ ಸ್ವಲ್ಪ.

ಮೊದಲು ಇದು. ಗುರುತು ಸಿಕ್ತಾ? ನಮ್ಮ ಆರ್ಕೆಸ್ಟ್ರಾ ಮೈಕು! ನ್ಯೂಟೌನ್ ಗಣಪತಿ ಪೆಂಡಾಲಲ್ಲಿ ನೀನು ಇದನ್ನೇ ಹಿಡ್ಕೊಂಡು ಹಾಡ್ತಿದ್ದೆ, ನಾನು ಆಂಪ್ಲಿಫೈಯರ್ ಹಿಂದೆ ಕೂತು ನಿಂಗೆ ಎಕೋ ಜಾಸ್ತಿ ಕೊಡ್ತಿದ್ದೆ. ಬೇರೆ ಹುಡ್ಗೀರಿಗೆ ಅಷ್ಟು ಕೊಟ್ಟಿಲ್ಲ ನೋಡು, ದೇವರಾಣೆಗೂ. ಇದು ಪಾಪದ ಮೈಕು. ಕೆಳಗೆ ಬಿದ್ರೂ ಸಾಯಲ್ಲ. ಬಾಯಿ ಹತ್ರ ಅಂದಿದ್ದಷ್ಟೇ ಕೇಳುತ್ತೆ, ಪಕ್ಕದ ಮನೆ ಸುದ್ದಿಗೆ ಹೋಗಲ್ಲ. ಹಿಡ್ಕೋ... ಏನಾದ್ರೂ ಅನ್ನು.

ಹಲೋ ಬೇಡ! ಹಲೋ ಎಲ್ಲರೂ ಅಂತಾರೆ. ಒನ್ ಟೂ ತ್ರೀನೂ ಬೇಡ. ಅದು... ನನ್ನ ಕರಿ. ಊಟಕ್ಕೆ ಕರೀತೀಯಲ್ಲ, ಹಂಗೆ. ‘ರೀ, ತಟ್ಟೆ ಹಾಕಿದೀನಿ, ಬರ್ತೀರೋ ಇಲ್ವೋ?’ ಆ ‘ಇಲ್ವೋ’ ಅನ್ನೋದನ್ನ ಎಳೀತೀಯಲ್ಲ, ಆ ಎಳೆತ ಬರ್ಲಿ. ಆಮೇಲೆ ಅನುಷಾನ್ನ ಬೆಳಿಗ್ಗೆ ಎಬ್ಬಿಸ್ತೀಯಲ್ಲ, ಅದು. ಆಮೇಲೆ ಹಾಲಿನೋನ ಜೊತೆ ಜಗಳ ಆಡ್ತೀಯಲ್ಲ, ಅದೂ...

ಮೈಕ್ ಟೆಸ್ಟಿಗೆ ಯಾರ್ರೀ ಹಿಂಗೆಲ್ಲ ಹೇಳಿಸ್ತಾರೆ ಅಂದ್ರೆ? ಇದು ಹೊಸ ಪದ್ಧತಿ ಕಣೇ. ಈಗ ಎಲ್ಲಾ ಕಡೆ ಹಿಂಗೇ. ನಂಬಲ್ವಾ? ಬಿಡು, ಈ ಮೈಕ್ ಬೇಡ ನಿಂಗೆ. ಮೆತ್ತಗೆ ಮಾತಾಡಿದ್ರೆ ಇದಕ್ಕೆ ಸಿಗಲ್ಲ. ನಿಂಗೆ ಈಗ ಜೋರಾಗಿ ಬರಲ್ಲ.

ಸರಿ, ಈ ಉದ್ದದ್ದು. ರಿಬ್ಬನ್ ಮೈಕು. ಒಳಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಗಿಂತ ತೆಳುವಾಗಿರೋ ಒಂದು ಪಟ್ಟಿ ಇದೆ, ಜೋರಾಗಿ ಊದಿದ್ರೆ ಹರಿದೇ ಹೋಗುತ್ತೆ. ಬಲು ದಯೆ ಇರೋ ಮೈಕು ಇದು. ಚುಚ್ಚೋದನ್ನೆಲ್ಲ ಸವರಿ ಮೆತ್ತಗೆ ಮಾಡ್ಬಿಡುತ್ತೆ. ದಸರಾ ಆದ್ಮೇಲೆ ನಿನ್ನ ಹಾಡೆಲ್ಲ ಇದ್ರಲ್ಲೇ ತಗೊಂಡಿದ್ದು. ಯಾಕೆ ಅಂತ ನಿಂಗೆ ಹೇಳಿರ್ಲಿಲ್ಲ, ಅಲ್ವಾ?

ನಿನ್ನ ದನೀಲಿ ಆ ಒಡಕು ಶುರುವಾಯ್ತಲ್ಲ... ನಾನು ಆಗ ಬಳಸ್ತಿದ್ದ ಮೈಕೇ ಕೆಟ್ಟಿದೆ ಅಂದ್ಕೊಂಡೆ. ಶಿವಮೊಗ್ಗಕ್ಕೆ ಹೋಗಿ ಗಾಂಧಿಬಜಾರ್ ಹಿಂದೆ ಆ ರಿಪೇರಿ ಪ್ರಕಾಶ್ ಇದಾನಲ್ಲ, ಅವನ ಕೈಗೆ ಕೊಟ್ಟೆ. ಬಿಚ್ಚಿ ನೋಡ್ದ, ಜೋಡಿಸ್ದ. ‘ಓಂಕಾರಣ್ಣ, ಮೈಕಲ್ಲಿ ಏನೂ ತೊಂದ್ರೆ ಇಲ್ಲ’ ಅಂದ. ನಾನು ಅವನಿಗೇ ಬೈದೆ ಜಯಾ! ನಿಂಗೆ ಕಿವಿ ಇದೆಯೇನೋ ಅಂತ ಅಂಗಡಿ ತುಂಬ ಜನರ ಮುಂದೆ ಬೈದು ಬಂದೆ. ಕಿವಿ ಇಲ್ದಿದ್ದು ಯಾರಿಗೆ... ಆಮೇಲೆ ಈ ಮೈಕ್ ಹಾಕ್ದೆ. ಒಡಕು ಮುಚ್ಚೋಯ್ತು. ಸರಿಹೋಯ್ತು ಅಂತ ಇಬ್ರೂ ಇಲ್ಲೇ ಕೂತು ಟೀ ಕುಡಿದ್ವಿ. ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರೆ...

ಬೇಡ, ಕೈ ಹಿಡೀಬೇಡ. ನೀನು ಕೈ ಹಿಡಿದ್ರೆ ನಂಗೆ ಕೆಲಸ ಓಡಲ್ಲ. ಬಿಡು.

ಇನ್ನು ಇದು. ಮೂರನೇದು. ಬೆಂಗ್ಳೂರಿಂದ ಬಾಡಿಗೆಗೆ ತರಿಸಿದ್ದು, ಬಸ್ಸಲ್ಲಿ ಮಗೂ ತರ ತೊಡೆ ಮೇಲೆ ಇಟ್ಕೊಂಡು ಬಂದೆ. ಇದು ಮಾತ್ರ ಅತ್ತೆ ಇದ್ದಂಗೆ, ಏನಂದ್ರೆ ಏನೂ ಬಿಡಲ್ಲ. ನೀನು ಉಗುಳು ನುಂಗಿದ್ದು, ಬಳೆ ಕದಲಿದ್ದು, ಸೆರಗು ಸರಿದಿದ್ದು, ಎಲ್ಲ ಹಿಡ್ಕೊಳ್ಳುತ್ತೆ. ಆ ಒಡಕನ್ನೂ. ಹಿಡೀಲಿ! ಇವತ್ತು ಬಣ್ಣ ಹಚ್ಚಿದ ದನಿ ನಂಗೆ ಬೇಡ. ಈಗ ಹೆಂಗಿದೆಯೋ ಹಂಗೆ, ಮನೇಲಿ ಓಡಾಡೋ ದನಿ ಬೇಕು.

ಹಾಡು ಇದಾವಲ್ಲ ಅಂತೀಯಾ? ಇದಾವೆ ಮಾರಾಯ್ತಿ, ಹಾರ್ಡ್ ಡಿಸ್ಕ್ ತುಂಬ ಇದಾವೆ. ನಿನ್ನೆ ಕೂತು ಒಂದೊಂದೇ ತೆಗೆದು ಕೇಳ್ದೆ. ಹಾಡು ಬಿಟ್ರೆ ಒಂದು ಮಾತಿಲ್ಲ ಅದ್ರಲ್ಲಿ! ಚರಣ ಮುಗಿಸಿ ‘ರೀ, ಶ್ರುತಿ ತಪ್ಪಿತಾ?’ ಅಂತ ಕೇಳಿದ್ದು, ಸಾಲು ಮರೆತು ನಾಲಿಗೆ ಕಚ್ಕೊಂಡು ನಕ್ಕಿದ್ದು, ಕೆಮ್ಮಿದ್ದು, ‘ಸಾಕು ಕಣ್ರೀ, ಅಕ್ಕಿ ನೆನೆಹಾಕ್ಬೇಕು’ ಅಂದಿದ್ದು... ಎಲ್ಲ ಕಟ್ ಮಾಡಿ ಬಿಸಾಕಿದೀನಿ. ನೀಟಾಗಿ! ನನ್ನಷ್ಟು ನೀಟಾಗಿ ಕಟ್ ಮಾಡೋನು ಜಿಲ್ಲೇಲೇ ಇಲ್ಲ ಅಂತ ಜಂಬ ಬೇರೆ ನಂಗೆ.

ಫೋನಲ್ಲಾದ್ರೂ ಇರುತ್ತೆ ಅಂತ ಹುಡುಕ್ದೆ. ನೀನು ವಾಟ್ಸಾಪಲ್ಲಿ ಕಳಿಸೋದು ಬರೀ ಕೈ ಮುಗಿದಿರೋ ಚಿತ್ರ! ನಿಮ್ಮ ಕವನನ ಮದುವೆ ವಿಡಿಯೋ ಇತ್ತು, ನಿನ್ನ ತಂಗಿ ಮಗಳದ್ದು. ಅದ್ರಲ್ಲಿ ನೀನು ನನ್ನ ಕಡೆ ತಿರುಗಿ ಏನೋ ಹೇಳ್ತಿದೀಯ. ಮೇಲೆ ವಾಲಗ, ಡೋಲು. ತುಟಿ ಅಲ್ಲಾಡೋದಷ್ಟೇ ಕಾಣುತ್ತೆ. ತಿರುಗಿ ತಿರುಗಿ ಹಾಕ್ಕೊಂಡು ನೋಡ್ದೆ, ಏನಂದಿದ್ದು ಅಂತ ಗೊತ್ತಾಗ್ಲಿಲ್ಲ. ಊರೋರ ದನಿಯೆಲ್ಲ ಜೋಪಾನ ಮಾಡಿದ್ದೀನಿ. ನಮ್ಮನೇದು ಒಂದು ‘ರೀ’ ಇಲ್ಲ ಜಯಾ. ಒಂದೇ ಒಂದು ಇಲ್ಲ.

ಯಾಕೆ ಬೇಕು ಅಂದ್ರೆ... ಅದು... ಆ ಒಂದು ತಿಂಗಳು ನೀನು ಮಾತಾಡೋ ಹಂಗಿಲ್ವಲ್ಲ. ಆಗ ಮನೆ ಬಿಕೋ ಅನ್ಸಿದ್ರೆ ಹಾಕ್ಕೊಂಡು ಕೇಳೋಣ ಅಂತ. ಅಷ್ಟೇ. ಅದಕ್ಯಾಕೆ ಇಷ್ಟೆಲ್ಲ ಪ್ರಶ್ನೆ ಕೇಳ್ತೀಯ...

ಕೇಳಲಿಲ್ವಾ?

ನೀನು ಕೇಳಲೇ ಇಲ್ವಾ? ಕೇಳಿದೆ ಅಂದ್ಕೊಂಡು ನಾನೇ ಉತ್ತರ ಕೊಡ್ತಿದೀನಾ?

ಯಾಕೆ ಸುಮ್ನೆ ಕೂತಿದೀಯ? ಕೇಳು ಮತ್ತೆ! ಸೊಪ್ಪಿನ ಕಟ್ಟು ಸಣ್ಣದಾಯ್ತು ಅಂದ್ರೆ ಹತ್ತು ಪ್ರಶ್ನೆ ಕೇಳೋಳು ನೀನು. ಗಂಡ ಊಟಕ್ಕೆ ಕರಿ ಅಂತ ಮೈಕ್ ಹಿಡಿದ್ರೆ ಯಾಕೆ ಅಂತ ಕೇಳಲ್ವಾ? ಬೈಯಿ ಬೇಕಾದ್ರೆ. ಹಂಗೆ ನೋಡ್ಬೇಡ ಜಯಾ... ಹಂಗೆ ನೋಡಿದ್ರೆ ನಂಗೆ ಆಗಲ್ಲ...

ಗಂಟು ಮಾತ್ರ ತೆಗೆಯೋದಲ್ಲ. ಸುಳ್ಳು ಹೇಳ್ದೆ. ದನಿಪೆಟ್ಟಿಗೆನೇ ತೆಗೀಬೇಕು ಅಂದ್ರು ಡಾಕ್ಟ್ರು. ಪೂರ್ತಿ. ಜೀವ ಉಳಿಸ್ತೀವಿ, ದನಿ ಉಳಿಯಲ್ಲ ಅಂದ್ರು. ನಿಂಗೆ ಹೇಳ್ಲೇಬೇಕು ಅಂತ ಹಟ ಹಿಡಿದ್ರು. ನಾನೇ ಹೇಳ್ತೀನಿ, ನೀವು ಹೇಳ್ಬೇಡಿ ಅಂತ ಕೈ ಮುಗಿದೆ. ಅವತ್ತಿಂದ ದಿನಾ ಹೇಳೋಕೆ ಅಂತ ಅಡುಗೆ ಮನೆ ಬಾಗಿಲಿಗೆ ಬರ್ತೀನಿ, ನೀನು ಒಲೆ ಮುಂದೆ ಏನೋ ಗುನುಗ್ತಾ ಇರ್ತೀಯ. ವಾಪಸ್ ಹೋಗ್ತೀನಿ. ಹೆಂಗೆ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ ಹೇಳು!

...ಅಳಲ್ವಾ ನೀನು?

ನಿಂಗೆ ಗೊತ್ತಿತ್ತು. ಗೊತ್ತಿತ್ತಾ? ತಲೆ ಆಡಿಸ್ತೀಯಲ್ಲೇ... ಯಾವಾಗಿಂದ? ಆ ನರ್ಸಮ್ಮ ನಿನ್ನೊಬ್ಬಳನ್ನೇ ಒಳಗೆ ಕರ್ದಿದ್ದು ಅದಕ್ಕೇನಾ? ಅಯ್ಯೋ... ಅದಕ್ಕೇನಾ ಹಾರ್ಮೋನಿಯಂನ ನಿನ್ನ ಶಿಷ್ಯೆ ವಿದ್ಯಾಶ್ರೀ ಮನೆಗೆ ಕಳಿಸಿದ್ದು? ‘ಒಂದು ತಿಂಗಳು ಸಂಗೀತದ ಮಕ್ಕಳಿಗೆ ಅವಳೇ ಪಾಠ ಹೇಳ್ಲಿ’ ಅಂದೆ, ನಾನೂ ಹ್ಞೂಂ ಅಂತ ಆಟೋಗೆ ಹೊತ್ತು ಹಾಕ್ದೆ. ಒಂದು ತಿಂಗಳಿಗೆ ಯಾರಾದ್ರೂ ಮನೆ ಹಾರ್ಮೋನಿಯಂ ಕೊಟ್ಟು ಕಳಿಸ್ತಾರಾ, ನಂಗ್ಯಾಕೆ ಹೊಳೀಲಿಲ್ಲ! ನಾನು ಸುಳ್ಳು ಹೇಳೋದು, ನೀನು ಗೊತ್ತಿದ್ದೂ ಕೇಳ್ಕೊಂಡು ನಗೋದು... ನಾನು ನೊಂದ್ಕೋತೀನಿ ಅಂತ ನೀನು ಸುಮ್ನಿದ್ದೆ, ನೀನು ನೊಂದ್ಕೋತೀಯ ಅಂತ ನಾನು. ಎಂಥ ಗಂಡ ಹೆಂಡ್ತಿ ನಾವು!

ಏನು? ಏನ್ ತೋರಿಸ್ತಿದೀಯ... ಕಂಪ್ಯೂಟರಾ? ಹ್ಞೂಂ, ರೆಕಾರ್ಡ್ ಆಗ್ತಿದೆ. ನೀನು ಕೂತಾಗ್ಲೇ ಮೂರೂ ಮೈಕ್ ತೆರೆದುಬಿಟ್ಟಿದ್ದೆ, ಕಳ್ಳನ ತರ. ಎಲ್ಲಿ... ಇರು, ಕಣ್ಣು ಒರೆಸ್ಕೋತೀನಿ... ಅಯ್ಯೋ ದೇವ್ರೇ. ಇಷ್ಟೊತ್ತೂ ಬಿದ್ದಿರೋದು ಬರೀ ನಂದೇ ಮಾತು! ನೀನು ಬಾಯಿ ತೆರೆದಾಗೆಲ್ಲ ನಾನು ಮೇಲೆ ಬಿದ್ದಿದೀನಿ. ನಿಂದು ಒಂದು ಮಾತೂ ಪೂರ್ತಿ ಇಲ್ಲ.

ಹೆದ್ರಿಕೆ ಕಣೇ. ನಾನು ನಿಲ್ಲಿಸಿದ್ರೆ ನೀನು ಮಾತಾಡ್ತೀಯ, ಮಾತಾಡಿದ್ರೆ ಅದೇ ಕೊನೇದು ಅನ್ನಂಗೆ ಆಗ್ಬಿಡುತ್ತೆ ಅಂತ... ಬಾಯಿ ನಿಲ್ಲಲೇ ಇಲ್ಲ ನಂದು.

ಯಾವ ಮೈಕು, ನೀನೇ ಹೇಳು. ಇದಾ? ಏನೂ ಬಿಡದೇ ಇರೋದಾ? ಸರಿ. ಅಷ್ಟು ಹತ್ರ ಎಳ್ಕೋಬೇಡ, ಉಸಿರು ಹೊಡೆಯುತ್ತೆ... ಇಲ್ಲ, ಇರ್ಲಿ. ಹೊಡೀಲಿ. ಹಂಗೇ ಇರ್ಲಿ. ಏನ್ ಬೇಕಾದ್ರೂ ಅನ್ನು. ಬೈಯೋದಿದ್ರೆ ಬೈಯಿ. ಉಪ್ಪಿಟ್ಟಿಗೆ ರವೆ ಇಲ್ಲ ಅನ್ನು. ಅಳು ಬಂದ್ರೆ ನಾನು ಟವೆಲ್ ಕಚ್ಕೋತೀನಿ, ಸದ್ದು ಮಾಡಲ್ಲ. ಇನ್ನು ತುಟಿ ಬಿಚ್ಚಲ್ಲ ನಾನು, ಆಣೆಗೂ.

ಹ್ಞೂಂ... ಕರಿ.